ಬಂದ್ ಮಾಡಿದರೂ ಏಳುವ ಸರ್ವಿಸ್

ಹಲೋ... ಯಾರು ಮಾತಾಡೋದು? ಮೃದುಲಾ ಏನವಾ?... ನಾ ವೈಜನಾಥ, ಔರಂಗಾಬಾದದಿಂದ. ಚಿಕಲಠಾಣಾ ಔಷಧದ ಡಿಪೋ... ಹಾಂ, ಅದೇ ಕಾಕಾ. ದಸರಾ ಆಯ್ತು, ಎಲ್ಲ ಆಯ್ತು. ನಿನ್ನ ಗಂಡ ರವಿಕಾಂತ ಮನ್ಯಾಗ ಅದಾನ?... ಕಂಪ್ಯೂಟರ್ ಮುಂದ ಕುಂತಾನ? ರಜಾ ದಿನ ಏನು ಮಾಡ್ಲತ್ತಾನ ಕಂಪ್ಯೂಟರ್ ಮುಂದ?... ಇರಲಿ, ಫೋನ್ ಅವನ ಕೈಯಾಗ ಕೊಡು.

...

ರವಿಕಾಂತ ಅವರೇನು?... ಹೌದು, ‘ಅವರು’ ಅಂತೇ ಅಂದೆ. ನಾಸಿಕದಾಗ ಮನಿ, ಸಿನ್ನರ್‌ದಾಗ ನೌಕರಿ, ದೊಡ್ಡವರಾಗೀರಿ... ನಗಬ್ಯಾಡ್ರಿ. ನಮ್ಮ ಡಿಪೋ ಬಿಟ್ಟು ಮೂರು ತಿಂಗಳಾಯ್ತು, ಹೌದಲ್ಲ? ಮತ್ತ ನೀವು ಬರೆದ ಸರ್ವಿಸ್ ನಮ್ಮ ಸರ್ವರ್‌ನಾಗ ಇನ್ನೂ ಯಾಕ ಓಡ್ಲತ್ತದ?

... ಯಾವ ಸರ್ವಿಸ್ ಅಂದ್ರ? ಕೋಲ್ಡ್ ರೂಮಿನ ಥಂಡಿ ನೋಡಿ ಮೊಬೈಲಿಗೆ ಮೆಸೇಜ್ ಕಳಿಸೋದು. ಖಂಡೇನವಮಿ ದಿವಸ, ಪೂಜಾಕ್ಕಿಂತ ಮೊದಲು, ಹೊಸ ಪ್ರೋಗ್ರಾಂ ಹಾಕೀವಿ. ನಿಮ್ಮದು ನಾನೇ ಬಂದ್ ಮಾಡೀನಿ, ಈ ಕೈಲೆ. ಇವತ್ತು ಮುಂಜಾನಿ ಮತ್ತ ನಾಕು ಸಲ ಮಾಡೀನಿ. ಒಂದು ನಿಮಿಷ ಆಗೋದ್ರಾಗ ಮತ್ತ ಎದ್ದು ಕುಂದರ್ತದ. ಯಾರೋ ಹೊರಗ ಕುಂತು ಎಬ್ಬಸ್ಲತ್ತಾರ. ಯಾರು ಅಂತ ನನ್ನ ಬಾಯಿಲೆ ಹೇಳಿಸಬ್ಯಾಡ್ರಿ.

... ಹಾಂ?... ತಾನೇ ಏಳ್ತದ? ಹಂಗ ಯಾಕ ಬರೆದ್ರಿ?... ನಾನು ಹೇಳಿದ್ನ? ಯಾವಾಗ?... ಹಾಂ, ಹೋದ ಬ್ಯಾಸಗಿ. ಸರ್ವಿಸ್ ನಿಂತು ಲಸಿಕಿ ಕೆಟ್ಟಾಗ... ಅಂದಿರಬೇಕು. ‘ಯಾರು ಮುಚ್ಚಿದ್ರೂ ಮತ್ತ ಚಾಲೂ ಆಗಬೇಕು’ ಅಂದಿರಬೇಕು. ಆದ್ರ ಅದಕ್ಕ ಸಾವೇ ಇಲ್ಲದಂಗ ಮಾಡಂತ ಅಂದಿದ್ದಿಲ್ಲ.

... ಸ್ಕ್ರೀನ್ ಮ್ಯಾಲಿನ ಕಿಟಕಿ ಮುಚ್ಚಿದ್ರ ಸಾಲಲ್ಲ? ಮತ್ತೇನು ಮಾಡಬೇಕು?... ಮೊದಲು ‘ನಿಲ್ಲು’ ಅಂತ ಹುಕುಂ ಕೊಡಬೇಕು, ಕೈಯಾಗಿನ ಕೆಲಸ ಮುಗಿಸಾತನಕ ಕಾಯಬೇಕು, ಆಮ್ಯಾಲ ‘ಇನ್ನ ಏಳಬ್ಯಾಡ’ ಅಂತ ಹೇಳಬೇಕು. ಬರೆದು ಇಟ್ಟು ಬಂದಿದ್ರೇನು?... ಹಸಿರು ಫೈಲಿನಾಗ. ಅದನ್ನ ಯಾರು ಓದ್ತಾರ್ರಿ.

... ನಮ್ಮ ಮಾಲಕರು ಪೋಲೀಸರಿಗೆ ತಕ್ರಾರು ಕೊಡ್ಲತ್ತಾರ. ಬರೆದವ ನಾನೇ. ಸಿನ್ನರ್‌ದವರಿಗೂ ತಿಳಸ್ತಾರಂತ, ಆಮ್ಯಾಲ ನಿಮ್ಮ ನೌಕರಿ ಏನಾಗ್ತದೋ ನೋಡ್ರಿ... ಯಾಕಂದ್ರ? ನಿಮ್ಮ ಸರ್ವಿಸ್ ಸುಳ್ಳು ಮೆಸೇಜ್ ಕಳಸ್ಲತ್ತದ. ಒಂಬತ್ತು ಡಿಗ್ರಿ, ಹನ್ನೊಂದು ಡಿಗ್ರಿ, ಈಗ ಹನ್ನೆರಡು. ಹೊಸ ಪ್ರೋಗ್ರಾಂ ಮ್ಯಾಲ ನೋಡಿದ್ರ ಬರೋಬ್ಬರಿ ನಾಕು. ನಮ್ಮ ಹೊಸ ಪ್ರೋಗ್ರಾಮಿಗೆ ಹೆಸರು ಬರಬಾರದಂತ ನಿಮಗ ಹೊಟ್ಟಿಕಿಚ್ಚು.

... ಹೌದು, ಮೊನ್ನಿಯಿಂದ ನಾಕೇ ಅದ... ಒಂದು ಪಾಯಿಂಟ್ ಸೈತ ಹಂದಾಡಿಲ್ಲ... ಅದರಾಗ ಏನು ತಪ್ಪು? ಚಲೋನೇ ಅಲ್ಲ?

... ಖಂಡೇನವಮಿಗಾ? ಪೂಜಾ ಮಾಡಿದ್ವಿ. ಎಲ್ಲ ಮಷೀನು ನಿಲ್ಲಿಸಿ ಅರಿಶಿಣ ಕುಂಕುಮ ಹಚ್ಚಿದ್ವಿ, ಸರ್ವರ್‌ಗೂ ಹಚ್ಚಿದ್ವಿ... ನಿಲ್ಲಸೋದೇನು, ಮೇನ್ ಸ್ವಿಚ್ಚೇ ತಗದ್ವಿ. ಆರತಿ ಆದ ಮ್ಯಾಲ ಹಾಕಿದ್ವಿ.

... ನಿಧಾನ ಹೇಳ್ರಿ. ಕರೆಂಟ್ ಬಂದ ಕೂಡ್ಲೆ ನಿಮ್ಮ ಹಳೇದು ಮೊದಲು ಎದ್ದದ... ಥಂಡಿ ಅಳೆಯೋ ವೈರ್ ಅದೇ ಹಿಡಕೊಂಡದ... ಒಂದು ವೈರ್, ಒಬ್ಬರಿಗೇ. ಅಂದ್ರ ಹೊಸದಕ್ಕ ಏನೂ ಸಿಕ್ಕಿಲ್ಲ... ಪೂಜಾಕ್ಕಿಂತ ಮುಂಚಿನ ನಾಕನ್ನೇ ತೋರಸ್ಲತ್ತದ?

... ಮತ್ತ ಹನ್ನೆರಡು ಖರೇನಾ?

... ನಿಂದರ್ರಿ. ಏ ಉಮಾನಾಥ, ಕೋಲ್ಡ್ ರೂಮಿನ ಬಾಗಿಲು ತಗೀ. ಆ ಕೈ ಥರ್ಮಾಮೀಟರ್ ಇಡು ಒಳಗ... ಹಾಂ, ಲೈನ್ ಮ್ಯಾಲ ಇದ್ದೀನಿ. ಮುಂಜಾನಿ ಇವನೇ ಹೇಳಿದ್ದ, ಒಳಗ ಥಂಡಿ ಕಡಿಮಿ ಅದ ಅಂತ. ದಸರಾದ ಜಡ ಇನ್ನ ಹೋಗಿಲ್ಲೇನು ನಿಂದು ಅಂತ ಬೈದು ಕಳಿಸಿದೆ... ಎಷ್ಟೋ ಉಮಾನಾಥ?... ಎಷ್ಟು?... ಥಂಡಿ ಮಾಡೋ ಎರಡು ಮಷೀನಿನಾಗ ಒಂದೇ ತಿರಗ್ಲತ್ತದಾ? ಪೂಜಾ ಆದ ಮ್ಯಾಲ ಇನ್ನೊಂದು ಚಾಲೂನೇ ಆಗಿಲ್ಲಾ?

... ರವಿ. ಹನ್ನೆರಡೇ ಅದ. ಎಂಟು ದಾಟಿದ್ರ ಲಸಿಕಿ ಕೆಡ್ತದ.

... ಕೆಟ್ಟಿದ್ದು ಬರೀ ಇಲ್ಲಿನ ಲಸಿಕಿ ಡಬ್ಬಿ ಅಲ್ಲೋ ತಮ್ಮಾ. ನಸುಕಿನಾಗ ಇನ್ನೂರು ಡೋಸ್ ಗಾಡಿಗೆ ಹಾಕಿ ಕಳಿಸೀನಿ. ನಿಮ್ಮ ನಾಸಿಕದ ಆಚೆ ಘೋಟಿಯೊಳಗ ಇವತ್ತು ಕೂಸುಗಳಿಗೆ ಲಸಿಕಿ ಹಾಕೋ ಕ್ಯಾಂಪ್... ಮಧ್ಯಾಹ್ನ ಹನ್ನೆರಡಕ್ಕ ಚಾಲೂ. ಈಗ ಹನ್ನೊಂದು... ಡ್ರೈವರ್‌ಗೆ ಫೋನ್ ಹಚ್ಚೀನಿ, ಡಾಕ್ಟರ್‌ಗೂ ಹಚ್ಚೀನಿ ಮುಂಜಾನಿಯಿಂದ, ಮುಟ್ಟಿತೇನಂತ ಕೇಳ್ಲಿಕ್ಕ. ರೇಂಜ್ ಇಲ್ಲ. ನಾ ಇಲ್ಲಿಂದ ಹೊಂಟ್ರ ಸಂಜಿ ಆಗ್ತದ. ನಿನಗ ಒಂದು ತಾಸಿನ ಹಾದಿ. ಗಾಡಿ ಅದ ಅಲ್ಲ ನಿನ್ನ ಕಡಿ?

... ತಕ್ರಾರು... ಮಾಲಕರು ತಗೊಂಡು ಹೋಗ್ಯಾರ. ನಾ ಹೋಗಿ ಹರಿದು ಹಾಕ್ತೀನಿ, ಬರೆದವ ನಾನೇ, ನನ್ನ ಮಾತು ಕೇಳ್ತಾರ... ಕೇಳದಿದ್ರ ನಾನೇ ಸ್ಟೇಷನ್‌ದಾಗ ಕುಂದರ್ತೀನಿ. ನೀ ಬೈ ನನಗ, ಆಮ್ಯಾಲ ಎಷ್ಟು ಬೇಕಾದ್ರೂ ಬೈ. ಈಗ ಹೊಂಡು. ಒಂದು ಸೂಜಿನೂ ಹಾಕಬ್ಯಾಡ್ರಿ ಅಂತ ಹೇಳು.

... ಏನಂತಿ? ಯಾರಂತ ಹೇಳಬೇಕು? ನಿನ್ನ ಮಾತು ಯಾಕ ಕೇಳ್ತಾರ ಅವರು?... ಹೌದು... ಡಿಪೋದವ ಅನ್ನು. ಇಲ್ಲ, ಸುಳ್ಳು ಬ್ಯಾಡ. ಹಿಂಗನ್ನು, ರವಿ, ‘ವೈಜನಾಥ ಕಾಕಾ ನಂಬಿದ ಮನುಷ್ಯ ನಾ’ ಅಂ—

ಹಲೋ?... ರವಿ? ಹೊಂಟ್ಯೇನೋ?... ಹಲೋ?