ಶನಿವಾರ ಬಿಟ್ಟ ಹಾಸಿಗೆ

ಐರ್ಲೆಂಡಿನ ಪಶ್ಚಿಮ ತೀರದ ನಮ್ಮ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿರಲಿಲ್ಲ. ಎರಡು ದಿನದಿಂದ ವಾರ್ಡಿನ ಬಾಗಿಲ ಪಕ್ಕ ಸ್ಟ್ರೆಚರ್ ಮೇಲೆಯೇ ಮಲಗಿದ್ದೆ. ಕದ್ದು ಕೇಳುವ ಉದ್ದೇಶವಿರಲಿಲ್ಲ. ಒಳಗೆ ಮುದುಕಿ ಬ್ರೀಜ್ ಮತ್ತು ಅವರ ಮಗಳು ಡರ್ವ್ಲಾ ಆಡಿದ ಮಾತು ಕೇಳಿಸಿತು.

“ಡಾಕ್ಟ್ರು ಮನೆಗೆ ಹೋಗಿ ಅಂದ್ರಲ್ಲಮ್ಮ, ಏಳು.”

“ಶನಿವಾರ ಆಸ್ಪತ್ರೆ ಬಿಟ್ಟೋರು ಮತ್ತೆ ಇಲ್ಲಿಗೇ ಬರ್ತಾರೆ ಕಣೇ. ಇವತ್ತು ಬೇಡ, ನಾಳೆ ಹೋಗೋಣ.”

“ದಿನಾ ಜಪಸರ ಹಿಡಿಯೋಳು ನೀನು! ಪಾದ್ರಿಗಳು ಕೇಳಿದ್ರೆ ನಗ್ತಾರೆ.”

“ನಮ್ಮೂರಿನ ಮಂತ್ರಿ ಹ್ಯಾನಿಫಿ ಒಂದು ದಿನಾನೂ ಚರ್ಚಿನ ಬಲಿಪೂಜೆ ತಪ್ಪಿಸ್ದೋರಲ್ಲ. ಆದ್ರೂ ಅಪಶಕುನ ಅಂತ ಹದಿಮೂರನೆಯವರಾಗಿ ಊಟಕ್ಕೆ ಕೂರ್ತಿರಲಿಲ್ಲ. ಅವರನ್ನ ನೋಡಿ ನಗು ಹೋಗು.”

“ಅಂಥವರೇ ಇದೇ ವಾರ್ಡಿಂದ ಶನಿವಾರ ಎದ್ದು ಹೋದ್ರು ಅಂತ ನೀನೇ ಹೇಳಿದ್ದಲ್ವಾ?”

“ಹೊರಗೆ ಯಾವಳೋ ಸ್ಟ್ರೆಚರ್ ಮೇಲೆ ನರಳ್ತಿದ್ಲು, ಅವಳಿಗೆ ಹಾಸಿಗೆ ಬಿಟ್ಟುಕೊಡೋಕೆ ಹೋದ್ರು. ನಾನಾಗ ಇಲ್ಲೇ ನೆಲ ಒರೆಸ್ತಿದ್ದೆ. ‘ಒಂದು ಶನಿವಾರಾನ ಸೋಲಿಸೋಕಾಗದ ದೇವರಿಗಾ ನಾನು ಇಷ್ಟು ವರ್ಷ ಓಟು ಹಾಕಿದ್ದು?’ ಅಂತ ಹೇಳಿ, ಶಿಲುಬೆ ಗುರುತು ಮಾಡ್ಕೊಂಡು ನಡೆದೇಬಿಟ್ರು. ಆಮೇಲೆ ಎರಡು ಚುನಾವಣೆ ಗೆದ್ರು. ಎಂಥ ಮನುಷ್ಯ!”

“ಈಗ ಹೊರಗೆ ಯಾರಿದ್ದಾರೆ ನೋಡಿದ್ಯಾ?”

ಬ್ರೀಜ್ ಎದ್ದರೇನೋ, ಮಂಚ ಕಿರುಗುಟ್ಟಿತು.

“ನನ್ನ ಕೋಟು ಕೊಡೇ.”

ಬಾಗಿಲಲ್ಲಿ ಬ್ರೀಜ್ ನಿಂತು ನನ್ನನ್ನು ನೋಡಿದರು. ನಾಳೆಯವರೆಗೆ ಕಾಯುತ್ತೇನೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವರು ಶಿಲುಬೆ ಗುರುತು ಮಾಡಿಕೊಂಡರು.

“ಹೋಗು ಮಗಳೇ, ಹಾಸಿಗೆ ಇನ್ನೂ ಬೆಚ್ಚಗಿದೆ,” ಎಂದು, ಮಗಳ ತೋಳು ಹಿಡಿದು ಹಿಂದೆ ತಿರುಗದೆ ನಡೆದರು.