ಪಟೇಲರ ರಿವಾಲ್ವರಿಗೆ ಹೊಸ ನಳಿಗೆ

ಹೊನ್ನಾಳಿಯಲ್ಲಿ ಇದ್ದಿಲ ಅನಿಲದಿಂದ ಓಡುವ ಬಸ್ಸಿನ ಒಲೆ ಕಾವೇರಲೆಂದು ಕಾಯುತ್ತಿದ್ದ ಜುಂಜಪ್ಪ ಮೇಷ್ಟರ ಕಿವಿ ಪಕ್ಕದಲ್ಲಿ ಕೂತ ಪಟೇಲ ದಂಪತಿಗಳ ಕಡೆಗೇ ಇತ್ತು. ಪಟೇಲರ ತೊಡೆಯ ಮೇಲೆ ನಳಿಗೆ ಸೀಳಿಹೋದ ರಿವಾಲ್ವರಿತ್ತು.

“ಶಿವಮೊಗ್ಗದಾಗೆ ಹೊಸ ನಳಿಗೆ ಹಾಕಿ ಕೊಡ್ತಾರಂತೆ,” ಎಂದರು ಪಟೇಲರು.

“ಹೆಂಗೆ ಸೀಳ್ತು ಅಂತ ಕೇಳಿದ್ರೆ?”

“ಹಂದಿ ಹೊಡೆಯಾಕೆ ಹೋದಾಗ ಅಂತೀನಿ.”

“ಅದಕ್ಕೂ ಮೊದ್ಲು ಆಯುಧಪೂಜೆ ದಿನ, ಊದುಬತ್ತಿ ನಿಲ್ಲಲಿ ಅಂತ ನಳಿಗೆಯೊಳಗೆ ಹಸಿಮಣ್ಣು ತುರುಕಿದ್ರಲ್ಲ, ಅದು?”

“ಮೆಲ್ಲಗೆ ಮಾತಾಡೆ. ತೆಗೆಯೋದು ಮರೆತೆ, ಏನೀಗ?”

“ಏನಿಲ್ಲ. ನಿಮ್ಮ ಕೈ ಉಳೀತು, ಹಂದಿಯೂ ಉಳೀತು.”

ಹಾರ್ನ್ ಆಯಿತು. ಪಟೇಲರು ರಿವಾಲ್ವರನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಮನೆ ಕಡೆ ಹೊರಟಿದ್ದ ಹೆಂಡತಿ ತಿರುಗಿ ನಿಂತರು.

“ರೀ, ಹಳೇ ನಳಿಗೆ ಅಲ್ಲೇ ಬಿಟ್ಟು ಬರಬ್ಯಾಡ್ರಿ.”

“ಯಾಕೆ?”

“ಮುಂದಿನ ಪೂಜೆಗೆ ಊದುಬತ್ತಿ ಚುಚ್ಚಾಕೆ ಬೇಕಲ್ಲ.”