ನಲವತ್ತನೇ ಪುಟದ ಅಲುಗದ ಬಿಂದು

ಮಹಡಿ ಮೇಲಿನ ಬೈಂಡಿಂಗ್ ಅಂಗಡಿಯಲ್ಲಿ ನಾನು ಹಾಳೆಗಳನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡುತ್ತಿದ್ದೆ. ಗಣಿತದ ಪ್ರಬಂಧ. ಬರೆದ ಹುಡುಗಿಯೂ ಅವಳ ಗೈಡ್ ಮೇಡಮ್ಮೂ ಎದುರಿಗೆ ನಿಂತು ಕಾಯುತ್ತಿದ್ದರು. ಹುಡುಗಿಯೇ ಮೊದಲು ಮಾತು ತೆಗೆದಳು.

"ಮೇಡಂ, ನಲವತ್ತನೇ ಪುಟ ತಪ್ಪು."

"ಕಾಗುಣಿತನಾ?"

"ಅಲ್ಲ. ಎಲ್ಲಾ ಬಿಂದುಗಳನ್ನ ಸರಿಸಿದ್ರೂ ಒಂದು ಮಾತ್ರ ಅಲುಗದೆ ಇದ್ದಲ್ಲೇ ಇರುತ್ತೆ ಅಂತ ಬರೆದಿದ್ದೀನಿ. ಅಂಥದ್ದು ಇರಲೇಬೇಕು ಅಂತಿಲ್ಲ."

"ಮತ್ತೇನಿದೆ?"

"ಕೂದಲೆಳೆಯಷ್ಟು ಅಲುಗೋದು ಸಿಗುತ್ತೆ. ಅದಕ್ಕಿಂತ ಕಡಿಮೆ ಅಲುಗೋದೂ ಸಿಗುತ್ತೆ. ಪೂರ್ತಿ ಅಲುಗದ್ದು ಸಿಗಲ್ಲ. ಹತ್ತಿರ ಹತ್ತಿರ ಹೋಗ್ತೀವಿ, ಮುಟ್ಟಬೇಕಾದ ಕೊನೇ ಜಾಗದಲ್ಲೇ ತೂತು."

ಮೇಡಂ ನಕ್ಕರು. "ನನ್ನ ಮಂಡಿ ಥರ. ಮೆಟ್ಟಿಲು ಹತ್ತುತ್ತೆ, ಮೇಲೆ ಮುಟ್ಟಲ್ಲ. 'ಸುಮಾರಾಗಿ' ಅಂತ ಸೇರಿಸು, ಸರಿಹೋಗುತ್ತೆ. ಇವತ್ತು ಗೊತ್ತಾಯ್ತಾ?"

"ಮೂರು ತಿಂಗಳಾಯ್ತು."

ಮೇಡಂ ನಗು ನಿಂತಿತು.

"ನನ್ನ ಲೇಖನ ಅಚ್ಚಾಗೋಕೆ ಮುಂಚೇನಾ?"

"ಹೂಂ."

"ಅದು ಇದರ ಮೇಲೇ ನಿಂತಿದೆ. ಗೊತ್ತಿತ್ತಲ್ವಾ?"

"ಗೊತ್ತಿತ್ತು ಮೇಡಂ. ನಿವೃತ್ತಿಗೆ ಮುಂಚೆ ಒಂದು ಒಳ್ಳೇ ಕೆಲಸ ಆಯ್ತು ಅಂತ ಎಲ್ಲರ ಹತ್ರಾನೂ ಹೇಳ್ಕೊಳ್ತಿದ್ರಿ. ನಂಗೆ ಹೇಳೋಕೆ ಬಾಯಿ ಬರಲಿಲ್ಲ."

ಮೇಡಂ ನನ್ನ ಕೈಯಿಂದ ನಲವತ್ತನೇ ಹಾಳೆ ತೆಗೆದುಕೊಂಡು, ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿದರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಹುಡುಗಿ ಬಾಗಿಲವರೆಗೆ ಓಡಿದಳು.

"ಒಂದು ಸಲ ಬೈದುಬಿಡಿ ಮೇಡಂ."